ಸಬ್ಬತ್ ಮುರಿದ ಪೆಟ್ಟಿಗೆ

ಡೊಲಿನಾ ಮೆಕಾಲೆಗೆ ಸಿಟ್ಟು ಬರುತ್ತದೆ ಎಂದು ಗ್ರಿನಬೊಸ್ಟ್ ಊರಿನಲ್ಲಿ ಯಾರೂ ಹೇಳುವುದಿಲ್ಲ. ಬಂದು ಹೋಗುವ ಸಿಟ್ಟು ಬೇರೆಯವರದು. ಅವಳದು ಒಲೆಯ ಪಕ್ಕದ ಬೆಕ್ಕಿನ ಹಾಗೆ ಮನೆಯಲ್ಲೇ ಇರುವಂಥದ್ದು. ಬಂದವರು ಅದನ್ನು ದಾಟಿಕೊಂಡೇ ಕುರ್ಚಿ ಹಿಡಿಯಬೇಕು.

ಅವಳು ಮಾಡುತ್ತಿದ್ದ ಕೆಲಸವೂ ಅಂಥದ್ದೇ. ಲೂಯಿಸ್ ದ್ವೀಪದಲ್ಲಿ ಟ್ವೀಡ್ ಉಣ್ಣೆಬಟ್ಟೆ ನೇಯುವವರು ತಂತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನೇಯುತ್ತಾರೆ, ನೇಯ್ದದ್ದು ಗಿರಣಿಗೆ ಬರುತ್ತದೆ. ಗಿರಣಿಯಲ್ಲಿ ಡೊಲಿನಾ ಕಿಟಕಿಯ ಬೆಳಕಿಗೆ ಬಟ್ಟೆ ಹರಡಿ, ಮೇಲೆ ಅಂಗೈ ಆಡಿಸಿ ತಪ್ಪು ಹುಡುಕುತ್ತಿದ್ದಳು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಉಳಿದಿದೆ ಎಂಬುದು ಕಣ್ಣಿಗಿಂತ ಮೊದಲು ಅವಳ ಅಂಗೈಗೆ ತಿಳಿಯುತ್ತಿತ್ತು. ತಪ್ಪು ಸಿಕ್ಕರೆ ಮೇಲಿನವರಿಗೆ ಹೇಳಿ ಕೈತೊಳೆದುಕೊಳ್ಳುವ ಜಾಯಮಾನ ಅವಳದಲ್ಲ. ಸಂಜೆ ಸೀದಾ ಆ ನೇಕಾರನ ಮನೆಗೇ ಹೋಗಿ ಬಾಗಿಲು ತಟ್ಟಿ, "ನೇಯೋವಾಗ ನಿದ್ದೆ ಹೊಡೀತಿದ್ಯೋ, ಇಲ್ಲ ನಿನ್ನ ಕುರಿ ಕೈಲಿ ನೇಯಿಸಿದ್ಯೋ?" ಎಂದು ಕೇಳುತ್ತಿದ್ದಳು. ಅವನು ಗೊಣಗುತ್ತಿದ್ದ, ಚಹಾ ಕೊಡುತ್ತಿದ್ದ, ಮುಂದಿನ ಸಲ ಸರಿಯಾಗಿ ನೇಯುತ್ತಿದ್ದ. ತಪ್ಪು ಅಂದಮೇಲೆ ಅದಕ್ಕೊಂದು ಮನೆ ಇರಬೇಕು, ಮನೆಗೆ ಬಾಗಿಲಿರಬೇಕು, ತಟ್ಟಿದರೆ ಯಾರಾದರೂ ತೆಗೆಯಬೇಕು. ಲೋಕ ನಡೆಯುವುದೇ ಹೀಗೆ ಎಂದು ಅವಳು ನಂಬಿದ್ದಳು. ಕ್ಲಾರ್ವಿಗ್ ಕಂಪನಿಯ ಪೆಟ್ಟಿಗೆ ಬರುವ ತನಕ ಆ ನಂಬಿಕೆಗೆ ಭಂಗ ಬಂದಿರಲಿಲ್ಲ.

ಪೆಟ್ಟಿಗೆ ಬಂದದ್ದು ಚರ್ಚಿಗೆ. ವಾರದ ನಡುವಿನ ಪ್ರಾರ್ಥನಾ ಕೂಟದಲ್ಲಿ ಸಭಾಪಾಲಕರು ಮಾಡುವ ಪ್ರಸಂಗವನ್ನು ರೆಕಾರ್ಡ್ ಮಾಡಿ, ಹಾಸಿಗೆ ಹಿಡಿದವರ ಮನೆಮನೆಗೆ ಡಿಸ್ಕ್ ತಲುಪಿಸುವುದು ಆ ಸಭೆಯ ರೂಢಿ. ಮೊದಲು ಆ ಕೆಲಸ ಒಬ್ಬ ಹಿರಿಯರದಾಗಿತ್ತು. ಅವರು ಪ್ರಸಂಗದ ಜೊತೆಗೆ ತಮ್ಮ ಗೊರಕೆಯನ್ನೂ ರೆಕಾರ್ಡ್ ಮಾಡಿದ ಮೇಲೆ ಕೆಲಸ ಡೊಲಿನಾಗೆ ಬಂತು. ಗಿರಣಿಯಿಂದ ನಿವೃತ್ತಳಾಗಿದ್ದಳು, ತಪ್ಪು ಹುಡುಕಲು ಏನಾದರೂ ಬೇಕಿತ್ತು. ಸಭೆಯವರು ಹೊಸ ಲ್ಯಾಪ್‌ಟಾಪನ್ನೂ ಅದರ ಜೊತೆಗೆ ಈ ಪೆಟ್ಟಿಗೆಯನ್ನೂ ತರಿಸಿಕೊಟ್ಟರು. ನೋಡಲು ಇಟ್ಟಿಗೆಯಷ್ಟು. ಮುಂದುಗಡೆ ಮೈಕಿನ ಕೇಬಲ್ ಚುಚ್ಚಲು ಎರಡು ತೂತು, ಒಂದೊಂದರ ಮೇಲೂ ಒಂದು ಹಸಿರು ದೀಪ. ಹಿಂದುಗಡೆಯಿಂದ ಒಂದು ಯುಎಸ್‌ಬಿ ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಇಷ್ಟೇ ಆಗಿದ್ದರೆ ಜಗಳವೇ ಇರಲಿಲ್ಲ. ಆದರೆ ಪೆಟ್ಟಿಗೆ ಹೇಳಿದ್ದು ಕಂಪ್ಯೂಟರಿಗೆ ಅರ್ಥವಾಗಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಕಂಪನಿಯವರೇ ಬರೆದು ಕಳಿಸುವ, ಕಂಪ್ಯೂಟರಿನೊಳಗೆ ಅಡಗಿ ಕೂರುವ ಆ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು.

ಈ ಡ್ರೈವರ್ ಮಹಾಶಯನಿಗೆ ಮನಸ್ಸು ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಇವತ್ತು ಪೆಟ್ಟಿಗೆಯ ಪರಿಚಯವಿರುತ್ತಿತ್ತು, ನಾಳೆ ಅದನ್ನು ಹುಟ್ಟಿದಾಗಿನಿಂದ ನೋಡೇ ಇಲ್ಲ ಎನ್ನುತ್ತಿತ್ತು. ಕೇಬಲನ್ನು ಕಂಪ್ಯೂಟರಿನ ಎಡಗಡೆಯ ಕಿಂಡಿಗೆ ಚುಚ್ಚಿದರೆ ನಡೆಯುತ್ತಿತ್ತು, ಬಲಗಡೆಯದಕ್ಕೆ ಚುಚ್ಚಿದರೆ ಮುನಿಸು. ಒಮ್ಮೆ ದನಿಯ ನಡುನಡುವೆ ಹುರಿಗಡಲೆ ಸಿಡಿದಂತೆ ಚಟಪಟ. ಇನ್ನೊಮ್ಮೆ ಸಭಾಪಾಲಕರ ದನಿಯನ್ನು ಎಳೆದು ದಪ್ಪ ಮಾಡಿ, ನಾಲಿಗೆ ತೊದಲುವ ಹಾಗೆ ಮಾಡಿಟ್ಟಿತು. ಅದೋ ಕುಡಿತದ ವಿರುದ್ಧದ ಪ್ರಸಂಗ. ಡಿಸ್ಕ್ ಕೇಳಿದ ಮುದುಕಿಯೊಬ್ಬಳು ಫೋನ್ ಮಾಡಿ, "ಅಯ್ಯನವರಿಗೆ ಪಾಪ ಒಳ್ಳೇ ಅನುಭವ ಇದ್ದ ಹಾಗಿದೆ," ಅಂದಳು. ಕಂಪನಿಗೆ ದೂರು ಕೊಟ್ಟಾಗಲೆಲ್ಲ ಬರುತ್ತಿದ್ದದ್ದು ಒಂದೇ ಉತ್ತರ: ತೆಗೆದು ಮತ್ತೆ ಹಾಕಿ. ಡೊಲಿನಾ ತೆಗೆದಳು, ಹಾಕಿದಳು, ಬೈದಳು.

ಗಂಡ ಈವರ್‌ಗೆ ಇದೊಂದು ತಮಾಷೆ. ಅವನು ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು.

"ನಾನೂ ಡ್ರೈವರೇ ಕಣೇ," ಎನ್ನುತ್ತಿದ್ದ. "ಒಂದು ದಿನಾನಾದ್ರೂ ಮಕ್ಕಳನ್ನ ದಾರೀಲಿ ಇಳಿಸಿ, ಇವರು ಯಾರು ಅಂತ ಗೊತ್ತಿಲ್ಲ ಅಂದಿದೀನಾ?"

"ನೀನು ಹಾಗಂದಿದ್ರೆ ಅವರ ತಾಯಂದಿರು ನಿನ್ನ ಮನೆ ಬಾಗಿಲಿಗೇ ಬರ್ತಿದ್ರು. ಇವನ ಮನೆ ಯಾವ ಊರಲ್ಲಿದೆಯೋ."

ಹೀಗಿರುವಾಗ ಒಂದು ದಿನ ಕಂಪ್ಯೂಟರು ಪರದೆಯ ಮೇಲೆ ಒಂದು ಪ್ರಶ್ನೆ ಕೇಳಿತು. ಕೆಲಸದ ನಡುವೆ ನಿಮಗೆ ತೊಂದರೆ ಕೊಡಲು ಇಷ್ಟವಿಲ್ಲ, ನನ್ನನ್ನು ನೀವು ಬಳಸದ ದಿನ ಯಾವುದು ಹೇಳಿ, ನನ್ನ ಸಣ್ಣಪುಟ್ಟ ಕೆಲಸಗಳನ್ನು ಆ ದಿನ ಮುಗಿಸಿಕೊಳ್ಳುತ್ತೇನೆ. ಅಪರೂಪಕ್ಕೆ ಇಷ್ಟು ಮರ್ಯಾದೆಯಿಂದ ಕೇಳಿದೆಯಲ್ಲ ಎಂದು ಡೊಲಿನಾಗೆ ಸಮಾಧಾನವಾಯಿತು. ಆ ದ್ವೀಪದಲ್ಲಿ ಯಾರನ್ನು ಕೇಳಿದರೂ ಇದಕ್ಕೆ ಉತ್ತರ ಒಂದೇ. ಭಾನುವಾರ ಸಬ್ಬತ್ತು. ಅಂಗಡಿ ತೆರೆಯುವುದಿಲ್ಲ, ಮಗ್ಗ ಆಡುವುದಿಲ್ಲ, ಹಗ್ಗದ ಮೇಲೆ ಬಟ್ಟೆ ಕಾಣುವುದಿಲ್ಲ. ಚರ್ಚಿನ ಲ್ಯಾಪ್‌ಟಾಪು ಸಹ ಅಂದು ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ. ಡೊಲಿನಾ ಭಾನುವಾರವನ್ನು ಒತ್ತಿದಳು. ಒತ್ತಿ ಮರೆತಳು.

ಈವರ್ ಬಸ್ಸು ಓಡಿಸಿದ್ದಕ್ಕಿಂತ ಹೆಚ್ಚಾಗಿ ಊರಿಗೆ ಬೇಕಾಗಿದ್ದು ಅವನ ಗಂಟಲು. ಆ ಸಭೆಯಲ್ಲಿ ವಾದ್ಯಗಳಿಲ್ಲ. ಗೇಲಿಕ್ ಭಾಷೆಯ ಕೀರ್ತನೆಗಳನ್ನು ಹಾಡುವಾಗ ಒಬ್ಬನು ಮುಂದೆ ಪ್ರಸಂಗಪೀಠದ ಬುಡದಲ್ಲಿ ಕೂತು ಒಂದೊಂದೇ ಸಾಲನ್ನು ಎತ್ತಿ ಕೊಡುತ್ತಾನೆ. ಅವನು ಕೊಟ್ಟ ಸಾಲನ್ನು ಹಿಡಿದು ಸಭೆಯೆಲ್ಲ ಹಾಡುತ್ತದೆ. ಒಬ್ಬೊಬ್ಬರೂ ತಮಗೆ ತೋಚಿದಂತೆ ದನಿ ತಿರುಗಿಸುತ್ತಾರೆ, ಆದರೂ ಎಲ್ಲರೂ ಸೇರಿ ಸಮುದ್ರದ ಹಾಗೆ ಏರಿ ಇಳಿಯುತ್ತಾರೆ. ಸಾಲು ಕೊಡುವವನು ಗಂಡಸೇ ಆಗಿರಬೇಕು. ಹೆಂಗಸರದು ಹಿಂದೆ ಹಾಡುವ ಪಾಲು. ಈವರ್ ಯೌವನದಿಂದಲೂ ಸಾಲು ಕೊಟ್ಟವನು, ಮುಂದೆ ಸಭೆಯ ಹಿರಿಯನೂ ಆದವನು. ಡೊಲಿನಾ ಅವನನ್ನು ಮದುವೆಯಾದದ್ದು ಮುಖ ನೋಡಿ ಅಲ್ಲ. ಮುಖ ನೋಡಿದ್ದರೆ ಆಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ.

ಸಭೆ ಹಾಡಿದ್ದನ್ನು ಮಾತ್ರ ರೆಕಾರ್ಡ್ ಮಾಡುವಂತಿರಲಿಲ್ಲ. ಪ್ರಸಂಗ ಮನುಷ್ಯರಿಗೆ ಹೇಳಿದ್ದು, ಹಾಡು ದೇವರಿಗೆ ಕೊಟ್ಟದ್ದು, ಅದನ್ನು ಡಬ್ಬಿಯಲ್ಲಿ ತುಂಬಿಡಬಾರದು ಎಂದು ಹಿರಿಯರ ಕಟ್ಟಳೆ. ಮನೆಯಲ್ಲಿ ರಾಗ ಅಭ್ಯಾಸ ಮಾಡುವಾಗಲೂ ಕೀರ್ತನೆಯ ಮಾತನ್ನು ಬಾಯಲ್ಲಿ ಆಡಬಾರದು. ಪವಿತ್ರವಾದದ್ದನ್ನು ತಾಲೀಮಿಗೆ ಬಳಸಬಾರದಲ್ಲ. ಅದಕ್ಕೆ ಈವರ್ ತನ್ನದೇ ಮಾತು ಕಟ್ಟಿಕೊಂಡಿದ್ದ. ಉಪ್ಪು ಹಾಕಿದ ಹೆರಿಂಗ್ ಮೀನಿನ ಮೇಲೊಂದು, ಕೆಟ್ಟು ನಿಂತ ಬಸ್ಸಿನ ಮೇಲೊಂದು. ಎಂಥ ಗಂಭೀರ ರಾಗವನ್ನೂ ಹೆರಿಂಗ್ ಮೇಲೆ ಹಾಡುತ್ತಾ ಅವನು ಆಲೂಗಡ್ಡೆ ಸುಲಿಯುತ್ತಿದ್ದ, ಡೊಲಿನಾ ಪಕ್ಕದ ಕೋಣೆಯಿಂದ ಕೂಗುತ್ತಿದ್ದಳು, "ಇಳಿದೆ ನೋಡು, ಇಳಿದೆ. ಮೀನು ಕೆಳಗೆ ಬಿತ್ತು."

ಅಂಥ ಗಂಟಲಿಗೆ ಹುಣ್ಣಾಯಿತು. ಸಮುದ್ರದಾಚೆಯ ಇನ್ವರ್ನೆಸ್ಸಿನ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಜೀವ ಉಳಿಯುತ್ತದೆ, ಕತ್ತಿನಲ್ಲಿ ಒಂದು ರಂಧ್ರದಿಂದ ಉಸಿರಾಡಬೇಕಾಗುತ್ತದೆ, ಮುಂದೆ ಮಾತೂ ಒಂದಿಷ್ಟು ಬರಬಹುದು, ಹಾಡು ಬರುವುದಿಲ್ಲ. ಈವರ್ ತಲೆಯಾಡಿಸಿ ಎದ್ದು ಬಂದ. ಡೊಲಿನಾ ಮಾತ್ರ ಆ ದಿನದಿಂದ ಒಂದೇ ಹಟ ಹಿಡಿದಳು. ಅವನು ಸಭೆಗೆ ಸಾಲು ಕೊಡುವುದನ್ನು ಒಂದು ಸಲ, ಒಂದೇ ಸಲ, ತಾನು ಹಿಡಿದಿಟ್ಟುಕೊಳ್ಳಬೇಕು.

"ದೇವರಿಗೆ ಕೊಟ್ಟದ್ದರ ನಕಲು ಇಟ್ಕೊಳ್ಳೋದು ಸರಿಯಲ್ಲ," ಅಂದ ಈವರ್.

"ಅಸಲು ದೇವರಿಗೇ ಹೋಗ್ಲಿ, ನಾನೇನು ಬೇಡ ಅಂದ್ನಾ? ನಂಗೆ ನಕಲು ಸಾಕು."

ಹಿರಿಯರು ಒಂದು ಸಂಜೆಯೆಲ್ಲ ಕೂತು ಚರ್ಚಿಸಿದರು. ಡೊಲಿನಾ ಹೊರಗೆ ಬೆಂಚಿನ ಮೇಲೆ ಕೂತು, ಬಾಗಿಲ ಸಂದಿಯಿಂದ ಕೇಳುವ ಹಾಗೆ ಕೆಮ್ಮುತ್ತಿದ್ದಳು. ಕೊನೆಗೆ ಅಪ್ಪಣೆ ಸಿಕ್ಕಿತು. ಪ್ರಭುಭೋಜನದ ಕೂಟಗಳು ಮುಗಿಯುವ ಸೋಮವಾರ, ಕೃತಜ್ಞತೆಯ ಆರಾಧನೆಯಲ್ಲಿ, ಈವರ್ ಕೊನೆಯ ಬಾರಿ ಸಾಲು ಕೊಡುವಾಗ ಒಂದು ಕೀರ್ತನೆಯನ್ನು ರೆಕಾರ್ಡ್ ಮಾಡಬಹುದು. ಅದೂ ಡೊಲಿನಾಳ ಮನೆಗೆ ಮಾತ್ರ. ಗುರುವಾರ ಆಪರೇಷನ್.

ಪ್ರಭುಭೋಜನದ ದಿನಗಳೆಂದರೆ ಬೇರೆ ಊರುಗಳ ಸಭೆಯವರೆಲ್ಲ ಬರುತ್ತಾರೆ, ಮನೆ ತುಂಬ ನೆಂಟರು. ಭಾನುವಾರ ಏನೂ ಮಾಡುವಂತಿಲ್ಲವಾದ್ದರಿಂದ ಎಲ್ಲವೂ ಶನಿವಾರವೇ ಆಗಬೇಕು. ಆಲೂಗಡ್ಡೆ ಶನಿವಾರ ಸುಲಿದಿಡುತ್ತಾರೆ, ಒಲೆಗೆ ಪೀಟ್ ಎಂಬ ಉರಿಯುವ ಮಣ್ಣನ್ನು ಶನಿವಾರ ತಂದಿಡುತ್ತಾರೆ, ಕುರಿಮಾಂಸದ ಸಾರು ಶನಿವಾರ ಕುದಿಯುತ್ತದೆ, ಗಂಡಸರ ಗಡ್ಡವೂ ಶನಿವಾರವೇ ಹೋಗುತ್ತದೆ. ಡೊಲಿನಾ ಸಹ ಶನಿವಾರವೇ ಚರ್ಚಿಗೆ ಹೋಗಿ ಎಲ್ಲ ಸಿದ್ಧ ಮಾಡಿದಳು. ಒಂದನೇ ತೂತಿಗೆ ಈವರ್ ಕೂರುವ ಕಡೆಯ ಮೈಕು. ಎರಡನೆಯದಕ್ಕೆ ಸಭೆಯ ನಡುವೆ ತೂಗುಬಿಟ್ಟ ಮೈಕು. ಅಷ್ಟು ಜನರ ದನಿಯಲ್ಲಿ ಅವನದು ಮುಳುಗಬಾರದೆಂದು ಈ ಎರಡನೆಯದನ್ನು ಅವನಿಗೆ ಬೆನ್ನು ಮಾಡಿ ತಿರುಗಿಸಿ ಕಟ್ಟಿದಳು. ಅವನ ದನಿಗೆ ಅವನದೇ ಜಾಗ, ಸಭೆಯದಕ್ಕೆ ಸಭೆಯದು, ಒಂದರ ಎಳೆ ಇನ್ನೊಂದಕ್ಕೆ ಸೇರುವ ಹಾಗಿಲ್ಲ. ಕಟ್ಟಿ ಮುಗಿಸಿ ರೆಕಾರ್ಡ್ ಮಾಡಿ ಕೇಳಿದಳು. ಎರಡೂ ಸ್ವಚ್ಛವಾಗಿ ಬಂತು. ಲ್ಯಾಪ್‌ಟಾಪನ್ನು ಆರಿಸದೆ ಚಾರ್ಜಿಗೆ ಹಾಕಿ ಅಲ್ಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಭಾನುವಾರ ದ್ವೀಪವೆಲ್ಲ ಕೈಕಟ್ಟಿ ಕೂತಿತ್ತು. ಕೋಳಿಗಳೂ ಅಂದು ಮೆಲ್ಲಗೆ ಓಡಾಡುತ್ತವೆ ಎಂದು ಹೊರಗಿನವರು ಹಾಸ್ಯ ಮಾಡುತ್ತಾರೆ.

ಸೋಮವಾರ ಬೆಳಿಗ್ಗೆ ನೆಂಟರಿಗೆ ಗಂಜಿ, ಕರಿ ಸಾಸೇಜು, ಮೊಟ್ಟೆ ಮಾಡಿ ಬಡಿಸಿ ಚರ್ಚಿಗೆ ಓಡುವಷ್ಟರಲ್ಲಿ ಜನ ತುಂಬಿಬಿಟ್ಟಿದ್ದರು. ಶನಿವಾರ ಮಾಡಿಟ್ಟ ಕೆಲಸವನ್ನು ಸೋಮವಾರ ಮತ್ತೆ ಪರೀಕ್ಷಿಸುವುದು ಆ ಊರಿನಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಸುಲಿದಿಟ್ಟ ಆಲೂಗಡ್ಡೆಗೆ ಭಾನುವಾರ ಸಿಪ್ಪೆ ಬೆಳೆಯುವುದುಂಟೆ? ಡೊಲಿನಾ ಗುಂಡಿ ಒತ್ತಿದಳು. ಆರಾಧನೆಯಲ್ಲಿ ಪರದೆ ಮಿನುಗುತ್ತಿದ್ದರೆ ಚೆನ್ನಾಗಿರುವುದಿಲ್ಲವೆಂದು ಅದರ ಮೇಲೆ ತನ್ನ ಕಪ್ಪು ತಲೆವಸ್ತ್ರ ಮುಚ್ಚಿದಳು. ಪೆಟ್ಟಿಗೆಯ ಮೇಲೆ ಎರಡು ಹಸಿರು ದೀಪಗಳು ಮಾತ್ರ ಕಾಣುತ್ತಿದ್ದವು.

ಈವರ್ ಎತ್ತಿದ. ಗಂಟಲಿನಲ್ಲಿ ಗರಗಸ ಆಡಿದಂತಿತ್ತು, ಮೇಲಿನ ಸ್ವರದಲ್ಲಿ ಒಂದೆಡೆ ಒಡೆಯಿತು, ಆದರೂ ಸಾಲು ನೆಟ್ಟಗೆ ನಿಂತಿತ್ತು. ಹಿಂದಿನಿಂದ ಸಭೆ ಏರಿ ಬಂತು. ಅವನು ಅವರ ಅಲೆ ಇಳಿಯುವ ಮೊದಲೇ ಮುಂದಿನ ಸಾಲು ಕೊಟ್ಟ, ಅವರು ಮತ್ತೆ ಏರಿದರು. ಕಲ್ಲು ಮುಖದ ನೇಕಾರರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಡೊಲಿನಾ ಅಳಲಿಲ್ಲ, ಹಾಡಲೂ ಇಲ್ಲ. ಅವಳು ದೀಪ ಕಾಯುತ್ತಿದ್ದಳು. ಅವನು ಎತ್ತಿದಾಗ ಮೊದಲ ದೀಪ ಮಿನುಗುತ್ತಿತ್ತು, ಸಭೆ ಹಿಡಿದಾಗ ಎರಡನೆಯದು. ಸಿಕ್ಕಿದ, ಸಿಕ್ಕಿದ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಮಧ್ಯಾಹ್ನ ನೆಂಟರು ಹಡಗು ಹಿಡಿಯಲು ಹೋದ ಮೇಲೆ ಅವಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇಳಿದಳು. ಮೊದಲು ಏನೂ ಇಲ್ಲ. ಪಕ್ಕದ ಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಷ್ಟು ಸದ್ದು. ಆಮೇಲೆ ಸಭೆ ಹಾಡಿತು. ಮತ್ತೆ ಏನೂ ಇಲ್ಲ. ಮತ್ತೆ ಸಭೆ. ಉದ್ದಕ್ಕೂ ಹಾಗೇ ಇತ್ತು. ಇಲ್ಲದವನೊಬ್ಬನಿಗೆ ನೂರಾರು ಜನ ಸಾಲು ಸಾಲಾಗಿ ಉತ್ತರ ಕೊಡುತ್ತಿದ್ದರು. ಒಂದನೇ ತೂತಿನ ದನಿ ಇರಬೇಕಾದ ಕಡೆ ಪರದೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ಅವಳು ಕ್ಲಾರ್ವಿಗ್ ಸಹಾಯವಾಣಿಗೆ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಫ್ರಾನ್ಸೀನ್ ಎಂಬವಳು ಸಿಕ್ಕಿದಳು.

"ನಿಮ್ಮ ದಿನ ಹೇಗಿದೆ ಮೇಡಂ?"

"ನನ್ನ ದಿನ ಹಾಳಾಗ್ಲಿ. ಒಂದನೇ ಮೈಕಿನ ದನಿ ಎಲ್ಲಿಟ್ಟಿದೀರ ಹೇಳು."

ಫ್ರಾನ್ಸೀನ್ ಅದು ಒತ್ತಿ ಇದು ಒತ್ತಿ ಅಂದಳು. ಡೊಲಿನಾ ಒತ್ತಿದಳು. "ಹಾಂ, ಸಿಕ್ತು ಮೇಡಂ. ನಿನ್ನೆ ಭಾನುವಾರ ನಿಮಗೆ ಹೊಸ ಡ್ರೈವರ್ ಬಂದಿದೆ. ಹೊಸದರಲ್ಲಿ ಮೊದಲ ಜಾಗ ಗಿಟಾರಿಗೆ ಅಂತ ಇಟ್ಟಿದೀವಿ. ಅಲ್ಲಿ ಮೈಕ್ ಹಾಕೋದಾದ್ರೆ ನೀವೇ ಒಳಗೆ ಹೋಗಿ ಒಂದ್ಸಲ ಬದಲಾಯಿಸ್ಕೋಬೇಕು. ಅಲ್ಲಿ ತನಕ ಅದು ಮುಚ್ಚಿರುತ್ತೆ."

"ಗಿಟಾರಿಗೆ."

"ಹೌದು ಮೇಡಂ, ತುಂಬ ಜನ ಗ್ರಾಹಕರು ಕೇಳಿದ್ರು."

"ನೋಡಮ್ಮಾ, ನಮ್ಮ ಚರ್ಚ್ ಕಟ್ಟಿದಾಗಿಂದ ಅದರೊಳಗೆ ಒಂದು ಪೀಪಿ ಊದಿಲ್ಲ. ಆರ್ಗನ್ ಇಲ್ಲ, ಪಿಯಾನೋ ಇಲ್ಲ. ಮನುಷ್ಯನ ಗಂಟಲು ಬಿಟ್ರೆ ಬೇರೇನಿಲ್ಲ. ಅಲ್ಲಿ ಗಿಟಾರಿಗೆ ಕುರ್ಚಿ ಹಾಕು ಅಂತ ನಿಂಗೆ ಹೇಳಿದ್ದು ಯಾರು?"

"ಭಾನುವಾರ ಹಾಕಿ ಅಂತ ನೀವೇ ಆರಿಸಿದೀರ ಮೇಡಂ, ಇಲ್ಲಿ ಕಾಣ್ತಿದೆ."

"ಸಣ್ಣಪುಟ್ಟ ಕೆಲಸ ಮಾಡ್ಕೋತೀನಿ ಅಂತು, ಹೂಂ ಅಂದೆ. ಮನೆ ಗುಡಿಸ್ಕೋ ಅಂದ್ರೆ ಗೋಡೆ ಕೆಡವಿದೀರಲ್ಲ. ದೀಪ ಬೇರೆ ಎರಡೂ ಉರೀತಿತ್ತು, ನಾನೇ ನೋಡ್ತಾ ಕೂತಿದ್ದೆ."

"ದೀಪ ಪೆಟ್ಟಿಗೇದು ಮೇಡಂ. ಧ್ವನಿ ಪೆಟ್ಟಿಗೆ ತನಕ ಬಂದಿದೆ. ಕಂಪ್ಯೂಟರಿಗೆ ಹೋಗಿಲ್ಲ, ಅಷ್ಟೆ."

"ಅಷ್ಟೆ," ಅಂದಳು ಡೊಲಿನಾ. "ವಾಪಸ್ ತರೋಕಾಗುತ್ತಾ?"

"ಒಳಗೆ ಬರದೇ ಇದ್ದದ್ದನ್ನ ಹೇಗೆ ತರೋದು ಮೇಡಂ? ಇನ್ನೊಂದ್ಸಲ ರೆಕಾರ್ಡ್ ಮಾಡ್ಕೋಬಹುದಲ್ಲ?"

"ಗುರುವಾರ ನನ್ನ ಗಂಡನ ಗಂಟಲು ತೆಗೀತಾರೆ. ಶುಕ್ರವಾರ ನೀನೇ ಬಂದು ಹಾಡ್ತೀಯಾ?"

ಫ್ರಾನ್ಸೀನ್ ಕ್ಷಮಿಸಿ ಎಂದಳು. ಬರೆದುಕೊಟ್ಟ ಕ್ಷಮೆಯಂತಿರಲಿಲ್ಲ. ಆದರೆ ಡೊಲಿನಾಗೆ ಕ್ಷಮೆ ಬೇಕಾಗಿರಲಿಲ್ಲ, ವಿಳಾಸ ಬೇಕಾಗಿತ್ತು.

"ನಿಮ್ಮ ಕಂಪನಿ ಬಾಗಿಲು ಯಾವ ಬೀದೀಲಿದೆ? ತಟ್ಟೋಕೆ."

"ನಾನು ನನ್ನ ಮನೆಯಿಂದ್ಲೇ ಕೆಲಸ ಮಾಡೋದು ಮೇಡಂ. ಕಂಪನಿ ಕಟ್ಟಡ ನಾನೂ ನೋಡಿಲ್ಲ."

ಫೋನ್ ಇಟ್ಟ ಡೊಲಿನಾ ಅಡುಗೆಮನೆಯಲ್ಲಿ ಅತ್ತಿತ್ತ ತಿರುಗಿದಳು. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಈವರ್ ಒಲೆಯ ಪಕ್ಕದಲ್ಲಿ ನಾಳಿನ ಪ್ರಯಾಣಕ್ಕೆ ಬೂಟು ಉಜ್ಜುತ್ತಿದ್ದ. ಅವಳು ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿದಳು.

"ಇಡೀ ದ್ವೀಪದಲ್ಲಿ ನಿನ್ನೆ ಕೆಲಸ ಮಾಡಿದ್ದು ಇದೊಂದೇ. ಹಾಳು ಡ್ರೈವರು. ಸರಿ, ಈಗ ನೆಟ್ಟಗೆ ಮಾಡಿದೀನಿ. ಮೈಕು ಇಲ್ಲಿದೆ. ಒಂದು ಕೀರ್ತನೆ ಸಾಲು ಕೊಡು."

"ಇಲ್ಲಿ? ಅಡುಗೆಮನೇಲಿ?"

"ಇಲ್ಲೇ."

"ಹಿಡಿಯೋರು ಯಾರು?" ಅಂದ ಈವರ್. "ಹಿಡಿಯೋರಿಲ್ದೆ ಸಾಲು ಕೊಡೋದು ಹೇಗೆ ಡೊಲಿನಾ? ಅದು ಹಾಡಲ್ಲ, ಅರಚಾಟ. ಆಗಲ್ಲ ನಂಗೆ." ಅವಳ ಮುಖ ನೋಡಿ ಬೂಟು ಕೆಳಗಿಟ್ಟ. "ಬೇಕಿದ್ರೆ ರಾಗ ಹೇಳ್ತೀನಿ. ಹೆರಿಂಗ್ ಮೇಲೆ ಹಾಡ್ತೀನಿ. ಅದನ್ನ ಇಟ್ಕೋ."

"ನಿನ್ನ ಹೆರಿಂಗ್ ನೀನೇ ತಿನ್ನು," ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಹಾಗೆ ಹೇಳಬಾರದಿತ್ತು. ಅವಳಿಗೂ ಅದು ಆಸ್ಪತ್ರೆಗೆ ಹೋಗುವ ಹಡಗಿನಲ್ಲಿ ಕೂತಾಗಲೇ ತಿಳಿದಿತ್ತು. ಗಂಡನ ಪಕ್ಕದಲ್ಲಿ ಕೂತು, ಆ ರಾಗ ಹಾಡು ಎಂದು ಈಗ ಕೇಳೋಣ, ಈಗ ಕೇಳೋಣ ಎಂದುಕೊಳ್ಳುತ್ತಾ ಅಕ್ಕಪಕ್ಕದ ಪ್ರಯಾಣಿಕರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಫೋನಿನಲ್ಲಾದರೂ ಹಿಡಿದಿಡಬಹುದಿತ್ತು. ಕೇಳಲಿಲ್ಲ. ಸಿಟ್ಟನ್ನು ಕಂಪನಿಯ ಮೇಲೆ ತೀರಿಸಿಕೊಳ್ಳಲು ಬಾಗಿಲು ಸಿಗದೆ ಹತ್ತಿರದ ಬಾಗಿಲನ್ನೇ ಒದ್ದಿದ್ದಳು, ಒದ್ದ ಮೇಲೆ ಅದನ್ನು ತಟ್ಟುವ ಮುಖವಿರಲಿಲ್ಲ. ಗುರುವಾರ ಈವರ್‌ನ ಗಾಲಿಮಂಚ ಒಳಗೆ ಹೋಯಿತು. ಹೋಗುವಾಗ ಅವನು ಆಡಿದ ಕೊನೆಯ ಮಾತು, "ಕುರಿಗೆ ಮೇವು ಹಾಕೋಕೆ ಯಾರಿಗಾದ್ರೂ ಹೇಳು," ಎಂಬುದು.

ಅವರು ಊರಿಗೆ ಮರಳುವಾಗ ಗಾಳಿಯ ಕಾಲ ಶುರುವಾಗಿತ್ತು. ಈವರ್‌ನ ಕತ್ತಿನ ರಂಧ್ರದ ಮೇಲೆ ತೆಳುಬಟ್ಟೆಯ ಹೊದಿಕೆ, ಕೈಯಲ್ಲಿ ಬರೆದು ಅಳಿಸುವ ಬಿಳಿ ಹಲಗೆ. ಸಭಾಪಾಲಕ ಮೆಥೆಸನ್ ನೋಡಲು ಬಂದರು. ಚಹಾದ ಜೊತೆ ಸ್ಕೋನ್ ಬನ್ನು ತಿಂದು, ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ರೆಕಾರ್ಡ್ ಆಗದೇ ಇದ್ದದ್ದು ದೇವರ ಚಿತ್ತ ಇರಬಹುದಮ್ಮ ಡೊಲಿನಾ."

"ದೇವರ ಮೇಲೆ ಹಾಕಬೇಡಿ ಅಯ್ಯನವರೇ," ಅಂದಳು ಡೊಲಿನಾ. "ಅವನು ಏಳನೇ ದಿನ ವಿಶ್ರಾಂತಿ ತಗೊಂಡ. ಇದು ಕ್ಲಾರ್ವಿಗ್‌ನವರ ಚಿತ್ತ. ಇನ್ನೊಂದು ಸ್ಕೋನ್ ತಗೊಳ್ಳಿ."

ಸಭಾಪಾಲಕರು ಬೇಗನೆ ಎದ್ದರು. ಅವರು ಹೋದ ಮೇಲೆ ಈವರ್‌ನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೆಂದು ಡೊಲಿನಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಸದ್ದಿರಲಿಲ್ಲ. ನಗು ನಿಂತ ಮೇಲೆ ಹಲಗೆಯ ಮೇಲೆ ಬರೆದ: ಅದನ್ನು ಹಾಕು.

"ಯಾವುದನ್ನ?"

ಈವರ್ ಅಡುಗೆಮನೆಯ ಬೀರುವಿನ ಕಡೆ ಗದ್ದ ತೋರಿಸಿದ. ಲ್ಯಾಪ್‌ಟಾಪು ಆ ಸೋಮವಾರದಿಂದ ಕಪ್ಪು ತಲೆವಸ್ತ್ರದಲ್ಲಿ ಸುತ್ತಿಕೊಂಡು ಅಲ್ಲೇ ಇತ್ತು. ಚರ್ಚಿನವರು ಕೇಳಲು ಧೈರ್ಯ ಮಾಡಿರಲಿಲ್ಲ.

"ಏನಿದೆ ಅದ್ರಲ್ಲಿ ಹಾಕೋಕೆ? ನೀನಿಲ್ಲ ಅದ್ರಲ್ಲಿ."

ಈವರ್ ಬೆರಳ ಗೆಣ್ಣಿನಿಂದ ಹಲಗೆಯನ್ನು ಕುಟ್ಟಿದ. ಡೊಲಿನಾ ಗೊಣಗುತ್ತಾ ತಂದಳು, ಪೆಟ್ಟಿಗೆ ಜೋಡಿಸಿದಳು, ಡ್ರೈವರಿಗೆ ನೆನಪಾಗುವ ತನಕ ಮೂರು ನಾಲ್ಕು ಸಲ ತೆಗೆದು ಚುಚ್ಚಿದಳು, ಹಾಕಿದಳು.

ಮೌನ. ದೂರದ ಗೊರಗೊರ. ಆಮೇಲೆ ಸಭೆ ಎದ್ದಿತು, ಅಡುಗೆಮನೆ ತುಂಬಿತು. ಈವರ್ ಕಣ್ಣು ಮುಚ್ಚಿ ಕೇಳಿದ. ಸಾಲು ಇಳಿಯುತ್ತಾ ಬಂದಾಗ ಅವನ ಎದೆ ತಾನೇ ತುಂಬಿತು, ಬಾಯಿ ತೆರೆಯಿತು. ಕತ್ತಿನ ಹೊದಿಕೆ ಒಮ್ಮೆ ಉಬ್ಬಿ ಇಳಿಯಿತು, ಗಾಳಿ ಮಾತ್ರ ಸುಯ್ಯೆಂದಿತು. ಅವನು ಬಾಯಿ ಮುಚ್ಚಿದ. ಡೊಲಿನಾ ಒಲೆಯ ಕಡೆ ತಿರುಗಿಕೊಂಡಳು, ಆ ಕಂಪನಿಯ ಪ್ರತಿಯೊಬ್ಬನ ಮನೆಯ ಒಲೆಯೂ ಆರಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದಳು.

ಹಿಂದಿನಿಂದ ಕುಟ್ಟುವ ಸದ್ದಾಯಿತು. ಈವರ್ ಬೆರಳನ್ನು ಅವಳ ಕಡೆ ತೋರಿಸುತ್ತಿದ್ದ. ಹಲಗೆಯ ಮೇಲೆ ಬರೆದಿದ್ದ: ಹಿಡಿಯುವವರು ಇದ್ದಾರೆ. ಕೊಡುವವನಿಲ್ಲ. ನೀನು ಕೊಡು.

"ನಾನು? ಅಯ್ಯೋ, ಸಭೆಯ ಹಿರಿಯರಿಗೆ ಗೊತ್ತಾದ್ರೆ ನನ್ನ ಆಚೆ ಹಾಕ್ತಾರೆ."

ಅವನು ತೋಳಿನಿಂದ ಹಲಗೆ ಒರೆಸಿ ಬರೆದ: ನಾನೂ ಹಿರಿಯನೇ.

"ಕೀರ್ತನೆ ಮಾತನ್ನ ಅಡುಗೆಮನೇಲಿ ಹಾಡಬಾರದು ಅಂದೋನು ನೀನೇ."

ಈವರ್ ಕೈ ಚಾಚಿ ಹಾಡನ್ನು ಮೊದಲಿನಿಂದ ಹಾಕಿದ.

ಮೌನ ಬಂತು. ಅದು ಎಷ್ಟು ಉದ್ದವಿದೆ, ಅದರೊಳಗೆ ಯಾವ ಮಾತು ಎಲ್ಲಿ ತಿರುಗಿ ಎಲ್ಲಿ ನಿಲ್ಲುತ್ತದೆ ಎಂಬುದು ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿದ್ದವಳಿಗೆ ಗೊತ್ತಿತ್ತು. ಡೊಲಿನಾ ಎತ್ತಿದಳು. ಕೆಟ್ಟದಾಗಿತ್ತು. ಯಾರನ್ನೋ ಗದರಿಸುವವಳ ದನಿ, ಸಿಟ್ಟು ಸ್ವರಕ್ಕಿಂತ ಮುಂದೆ ಓಡುತ್ತಿತ್ತು. ಆದರೆ ಅವಳ ಸಾಲು ಮುಗಿಯುವಷ್ಟರಲ್ಲಿ ಸಭೆ ಅದನ್ನು ಹಿಡಿಯಿತು. ಆ ನೇಕಾರರು, ಆ ಮುದುಕಿಯರು, ಹಡಗಿನಲ್ಲಿ ಬಂದು ಹೋದ ನೆಂಟರು, ಎಲ್ಲರೂ ಅವಳು ಕೊಟ್ಟದ್ದನ್ನೇ ಕೊಟ್ಟಂತೆ ಹಿಡಿದು ಮೇಲಕ್ಕೆ ಒಯ್ದರು. ಅವಳು ಮೇಜು ಹಿಡಿದುಕೊಂಡಳು. ಈವರ್ ಅಂಗೈಯನ್ನು ಮೇಲಕ್ಕೆ ಎತ್ತುತ್ತಿದ್ದ: ಇಳಿದೆ, ಇಳಿದೆ, ಮೇಲೆ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ಎದ್ದಿತು. ಕ್ಲಾರ್ವಿಗ್‌ನ ಇನ್ನೂ ಹೊಸ ಡ್ರೈವರ್ ಸಿದ್ಧವಿದೆ, ಈಗಲೇ ಹಾಕಬಹುದೆ, ಅಥವಾ ಎಂದಿನಂತೆ ಭಾನುವಾರವೆ? ಡೊಲಿನಾಳ ಬಾಯಲ್ಲಿ ಅದಕ್ಕೆ ತಕ್ಕ ಉತ್ತರ ಬಹಳವಿತ್ತು. ಆದರೆ ಸಭೆಯ ಅಲೆ ಇಳಿಯುತ್ತಿತ್ತು, ಮುಂದಿನ ಸಾಲಿಗೆ ಹೊತ್ತಾಗಿತ್ತು. ಅವಳು ಕಪ್ಪು ತಲೆವಸ್ತ್ರವನ್ನು ಪರದೆಯ ಮೇಲೆ ಎಳೆದು, ಗಂಡನ ಅಂಗೈ ನೋಡುತ್ತಾ ಸಾಲು ಕೊಟ್ಟಳು.